ಲಿಫ್ಟಿನವನ ಪರ ವಕಾಲತ್ತು

ಸಿನಿಮಾದ ಕೆಳಗೆ ಓಡುವ ಸಾಲುಗಳನ್ನು ಬರೆಯುವವಳು ನಾನು. ಸಬ್‌ಟೈಟಲ್ ಅನ್ನುತ್ತಾರಲ್ಲ, ಅದು. ಸಾಲು ಸರಿಯಾಗಿದ್ದರೆ ಅದು ಅಲ್ಲಿ ಇತ್ತು ಅನ್ನುವುದೇ ಯಾರ ಗಮನಕ್ಕೂ ಬರುವುದಿಲ್ಲ. ತಪ್ಪಾದರೆ ಮಾತ್ರ ಯಾವ ಪುಣ್ಯಾತ್ಮರು ಬರೆದದ್ದು ಅಂತ ಕೇಳುತ್ತಾರೆ. ಇಂಥ ಕೆಲಸಕ್ಕೆ ಇಳಿದವಳಿಗೆ ಹೆಸರಿನ ಆಸೆ ಇರುವುದಿಲ್ಲ ಅಂತಲೇ ನಾನೂ ತಿಳಿದುಕೊಂಡಿದ್ದೆ. ಸೊರಬದ ಆ ಅರ್ಥಧಾರಿ ನನ್ನ ಸಿನಿಮಾದೊಳಗೆ ಕಾಲಿಡುವವರೆಗೆ.

ನನ್ನ ಸಿನಿಮಾ ಅಂದೆ, ನೋಡಿ. ನನ್ನದೇನಲ್ಲ. ಹೊರದೇಶದ ಹಳೆಯ ಕಪ್ಪುಬಿಳುಪು ಚಿತ್ರ. ದೊಡ್ಡ ಪಟ್ಟಣದ ಹೋಟೆಲೊಂದರಲ್ಲಿ ಲಿಫ್ಟ್ ನಡೆಸುವ ಒಂಟಿ ಮನುಷ್ಯನ ಕಥೆ. ದಿನವಿಡೀ ಜನರನ್ನು ಮೇಲೆ ಕೆಳಗೆ ಸಾಗಿಸುತ್ತಾನೆ, ಒಬ್ಬರೂ ಅವನ ಮುಖ ನೋಡುವುದಿಲ್ಲ. ಒಂದು ದಿನ ಟೆಲಿಫೋನ್ ವಿಭಾಗದ ಹುಡುಗಿ ತಲೆನೋವೇ ಎಂದು ಕೇಳಿ ಅವನಿಗೊಂದು ಮಾತ್ರೆ ಕೊಡುತ್ತಾಳೆ. ಅಷ್ಟೇ. ಆ ಮಾತ್ರೆಯೊಂದರಿಂದಲೇ ಅವನು ತಲೆಯೊಳಗೆ ಸಂಸಾರ ಹೂಡಿಬಿಡುತ್ತಾನೆ. ಅವಳ ಹಿಂದೆ ಹಿಂದೆ ಹೋಗುತ್ತಾನೆ, ಅವಳು ಯಾರ ಹತ್ತಿರ ನಕ್ಕಳು ಅಂತ ಲೆಕ್ಕ ಇಡುತ್ತಾನೆ. ಅವಳು ಮದುವೆಯಾಗಲಿರುವ ಗಂಡು ದುಷ್ಟ, ಅವನಿಂದ ತಾನೇ ಅವಳನ್ನು ಕಾಪಾಡಬೇಕು ಅಂತ ನಂಬಿಕೊಳ್ಳುತ್ತಾನೆ. ಕೊನೆಗೆ ಅವಳೊಬ್ಬಳೇ ಒಳಗಿರುವಾಗ ಎರಡು ಮಹಡಿಗಳ ನಡುವೆ ಲಿಫ್ಟ್ ನಿಲ್ಲಿಸಿಬಿಡುತ್ತಾನೆ. ಮುಟ್ಟುವುದಿಲ್ಲ, ಬೈಯುವುದಿಲ್ಲ. ಅವಳು ತನಗೆ ಉಪಕಾರ ಸ್ಮರಣೆ ಮಾಡಲಿ ಅಂತ ಕಾಯುತ್ತಾ ನಿಲ್ಲುತ್ತಾನೆ. ಮೈ ಜುಮ್ಮೆನ್ನುವುದು ಅಲ್ಲಿಯೇ.

ಶಿಕಾರಿಪುರ, ಸೊರಬ ಎರಡೂ ಕಡೆಯ ಸಿನಿಮಾ ಹುಚ್ಚಿನವರು ಸೇರಿಕೊಂಡು ಕಟ್ಟಿದ ಬಳಗವೊಂದಿದೆ. ಅದರ ಕಾರ್ಯದರ್ಶಿ ಶಿಕಾರಿಪುರದ ನಮ್ಮ ಬೀದಿಯವರೇ, ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಒಂದು ದಿನ ಮನೆಗೆ ಬಂದು ಕೂತರು.

"ನೀವು ಎಲ್ಲೆಲ್ಲಿಯವ್ರಿಗೋ ಬರದು ಕೊಡ್ತೀರಿ. ನಮಗೂ ಒಂದು ಮಾಡಿಕೊಡ್ರೀ. ಮೊದಲು ಸೊರಬ, ಆಮೇಲೆ ಅದೇ ತಾಲ್ಲೂಕಿನ ಉಳವಿ, ಕಡೀಗೆ ನಮ್ಮೂರು. ನಮ್ಮೂರಿನ ಆಟಕ್ಕೆ ಶಿವಮೊಗ್ಗದಿಂದ ದೊಡ್ಡ ಬಳಗದವ್ರು ಬರ್ತಾರ. ಅವ್ರು ಹೂಂ ಅಂದ್ರು ಅಂದ್ರ ಜಿಲ್ಲೆ ತುಂಬ ಇದೇ ಕನ್ನಡದ ಜೊತೆ ಸಿನಿಮಾ ತಿರುಗ್ತದ."

ಜಿಲ್ಲೆ ತುಂಬ ನನ್ನ ಕನ್ನಡ! ಹೆಸರಿನ ಆಸೆ ಇಲ್ಲದವಳ ಎದೆ ಯಾಕೆ ಹಾಗೆ ಹಾರಿತೋ ಕಾಣೆ. ಒಪ್ಪಿಕೊಂಡೆ.

ಈ ಕೆಲಸದ ಕಷ್ಟ ಬರೆಯುವುದರಲ್ಲಿಲ್ಲ, ಕತ್ತರಿಸುವುದರಲ್ಲಿದೆ. ಬಾಯಿ ಆಡಿದಷ್ಟನ್ನೂ ಕಣ್ಣು ಓದಲಾರದು. ತೆರೆಯ ಮೇಲೆ ಒಮ್ಮೆಗೆ ಎರಡೇ ಸಾಲು, ಅದೂ ಮುಖ ಬದಲಾಗುವ ಮೊದಲು ಹೋಗಿಬಿಡಬೇಕು. ಮಾತು ಶುರುವಾಗುವ ಕ್ಷಣಕ್ಕೆ ಸಾಲು ಹುಟ್ಟಬೇಕು. ಮುಂಚೆ ಹುಟ್ಟಿದರೆ ಗುಟ್ಟು ರಟ್ಟಾಗುತ್ತದೆ, ತಡವಾದರೆ ನೋಡುವವರು ತಬ್ಬಿಬ್ಬಾಗುತ್ತಾರೆ. ನಮ್ಮ ಲಿಪಿಯದು ಬೇರೆ ಗೋಳು: ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ, ಮೇಲಿನ ಸಾಲಿನ ಕಾಲು ಕೆಳಗಿನ ಸಾಲಿನ ತಲೆ ತುಳಿಯುತ್ತದೆ. ಅದಕ್ಕೆ ಒತ್ತಕ್ಷರ ಕಡಿಮೆ ಇರುವ ಪದವನ್ನೇ ಹುಡುಕಿ ಹುಡುಕಿ ಕೂರಿಸಿದೆ. "ಕೃತಜ್ಞತೆ" ಹೋಗಿ "ಉಪಕಾರ" ಬಂತು, "ಪ್ರತೀಕ್ಷೆ" ಹೋಗಿ "ಕಾಯುವುದು" ಬಂತು. ಲಿಫ್ಟಿನವನಂತೂ ಬಾಯಿ ಬಿಡುವುದೇ ಅಪರೂಪ. ಮಾತಿಲ್ಲದ ಕಡೆ ನಾನು ಏನೂ ಬರೆಯದೆ ಬಿಡಬೇಕು. ಬಿಡುವುದೂ ಒಂದು ಕೆಲಸ ಅಂತ ಯಾರಿಗೆ ತಿಳಿಸಿ ಹೇಳುವುದು?

ಸೊರಬದ ಪ್ರದರ್ಶನ ಒಂದು ಸಭಾಭವನದಲ್ಲಿ ಆಯಿತು. ತೆರೆಯನ್ನು ತಗ್ಗಿಗೆ ಕಟ್ಟಿದ್ದರು. ಮುಂದೆ ಕೂತವರ ತಲೆಗಳು ನನ್ನ ಸಾಲುಗಳನ್ನು ಅರ್ಧಕ್ಕರ್ಧ ನುಂಗಿದವು. ಹಿಂದೆ ಕೂತವರು ಕತ್ತು ಉದ್ದ ಮಾಡಿ ಮಾಡಿ ಸೋತರು. ನಡುವೆ ಚಹಾಕ್ಕೆ ಬಿಟ್ಟಾಗ ಹಿರಿಯರೊಬ್ಬರು ನನ್ನೆದುರಿಗೇ ಹೇಳಿದರು:

"ಎಂತ ಮಾಡದು ಹೇಳಿ. ಓದ್ತಾ ಕೂತ್ರೆ ಮುಖ ತಪ್ಪೋಗ್ತದೆ, ಮುಖ ನೋಡಿರೆ ಅಕ್ಷರ ಓಡೋಗ್ತದೆ."

ಆಗಲೇ ಆ ಮೂಲೆಯಲ್ಲಿ ಜನ ಗುಂಪುಗೂಡಿದ್ದು. ನಡುವೆ ಒಬ್ಬರು ಚಹಾದ ಲೋಟ ಹಿಡಿದುಕೊಂಡು, ಅಲ್ಲಿಯವರೆಗೆ ಆದ ಕಥೆಯನ್ನು ಹೇಳುತ್ತಿದ್ದರು. ಹೇಳುತ್ತಿದ್ದರು ಅಂದರೆ ಸಾಲದು, ಲಿಫ್ಟಿನವನೇ ಆಗಿಬಿಟ್ಟಿದ್ದರು. "ದಿನಕ್ಕೆ ಸಾವಿರ ಸಲ ಬಾಗ್ಲು ತೆಗೀತೀನಿ, ನಂಗೆ ಅಂತ ಒಂದು ಬಾಗ್ಲು ಯಾರು ತೆಗೆದ್ರು?" ಅನ್ನುತ್ತಿದ್ದ ಹಾಗೆ ಕೇಳುವವರ ಬಾಯಿಂದ ಚ್ಚು ಚ್ಚು ಹೊರಟಿತು. ಆ ಮಾತು ಸಿನಿಮಾದಲ್ಲೇ ಇಲ್ಲ! ನಾನು ತಿಂಗಳುಗಟ್ಟಲೆ ಕಿವಿಗೆ ಹೆಡ್‌ಫೋನ್ ಚುಚ್ಚಿಕೊಂಡು ಕೂತವಳು, ನನಗೆ ಗೊತ್ತಿಲ್ಲವೇ? ಆದರೆ ಮಾತು ಚೆನ್ನಾಗಿತ್ತು. ಅದೇ ನನ್ನ ಹೊಟ್ಟೆಗೆ ಕೊಳ್ಳಿ ಇಟ್ಟದ್ದು.

ಅವರು ಆ ಸೀಮೆಯ ತಾಳಮದ್ದಳೆಯ ಅರ್ಥಧಾರಿಗಳು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡಿದ ಮೇಲೆ ಕೂತಲ್ಲಿಂದಲೇ ಪಾತ್ರದ ಮಾತನ್ನು ಆಗಿಂದಾಗ ಕಟ್ಟಿ ಹೇಳುವ ವಿದ್ಯೆ ಅದು. ಹಗಲು ಸಹಕಾರ ಸಂಘವೊಂದರಲ್ಲಿ ಗುಮಾಸ್ತಿಕೆ. ಕಾರ್ಯದರ್ಶಿಗಳ ಕಣ್ಣು ಅವರ ಮೇಲೆ ಬಿದ್ದದ್ದನ್ನು ನಾನು ನೋಡಿದೆ, ಮುಗಿಯಿತು ನನ್ನ ಕಥೆ ಅಂದುಕೊಂಡೆ. ಹಾಗೇ ಆಯಿತು. ಉಳವಿಯಲ್ಲಿ ಸಾಲುಗಳು ಬೇಡ, ಚಿತ್ರದ ಧ್ವನಿ ತಗ್ಗಿಸಿ, ತೆರೆಯ ಪಕ್ಕ ಕೂತು ಇವರು ಮೈಕಿನಲ್ಲಿ ಮಾತು ಹೇಳುವುದು ಅಂತ ತೀರ್ಮಾನವಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

"ಬೇಜಾರಾಗಬ್ಯಾಡ್ರೀ," ಅಂದರು ಕಾರ್ಯದರ್ಶಿ. "ನೀವು ಬರೆದಿದ್ದೇ ಅವ್ರು ಹೇಳೋದು. ನೀವು ಪಕ್ಕದಾಗ ಕೂತು, ಎಲ್ಲಿ ಶುರು ಮಾಡಬೇಕು ಅಂತ ಟಾರ್ಚಿನಿಂದ ಸನ್ನೆ ಕೊಟ್ರ ಸಾಕು."

ಟಾರ್ಚು! ನನ್ನ ಹೊಟ್ಟೆಯೊಳಗೆ ಎದ್ದದ್ದು ಹೊಟ್ಟೆಕಿಚ್ಚಲ್ಲದೆ ಬೇರೇನಲ್ಲ. ಅದಕ್ಕೆ ಕಲೆಯ ಕಾಳಜಿ ಅಂತ ಹೆಸರಿಡಲು ನಾಲ್ಕು ದಿನ ಪ್ರಯತ್ನಪಟ್ಟೆ, ಆಗಲಿಲ್ಲ. ಆದರೂ ಮಾತುಗಳನ್ನೆಲ್ಲ ಮುದ್ರಿಸಿಕೊಂಡು ಶಿರಾಳಕೊಪ್ಪದ ಮೇಲಿನ ಬಸ್ಸು ಹಿಡಿದು ಸೊರಬಕ್ಕೆ ಹೋದೆ. ಬಿಗುಮಾನದಿಂದ ಹಾಳೆಗಳನ್ನು ಅವರ ಕೈಗಿಟ್ಟು, "ಲಿಫ್ಟಿನವನ ಪಾತ್ರ ಇನ್ನು ನಿಮ್ಮದು," ಅಂದೆ. ಅಷ್ಟು ಹೇಳಿದ್ದೇ ತಪ್ಪಾಯಿತು. ನನ್ನ ಮಟ್ಟಿಗೆ ಅದು ಬರಿಯ ಉಪಚಾರದ ಮಾತು. ಅವರ ಕಡೆ ಹಾಗಲ್ಲ. ತಾಳಮದ್ದಳೆಯಲ್ಲಿ ಪಾತ್ರ ನಿನ್ನದು ಅಂದರೆ, ಆ ಪಾತ್ರ ಎಂಥ ಖೂಳನದೇ ಇರಲಿ, ಅವನ ಪರ ನಿಂತು ವಾದಿಸಿ ಸಭೆಯನ್ನು ಅವನ ಕಡೆ ಎಳೆಯಬೇಕು ಅಂತ ಅರ್ಥ. ಬಿಟ್ಟುಕೊಟ್ಟರೆ ಅರ್ಥಧಾರಿಯ ಮರ್ಯಾದೆ ಹೋದಂತೆ. ನಾನು ಅವರ ಕೈಗೆ ವಕಾಲತ್ತು ಕೊಟ್ಟು ಬಂದಿದ್ದೆ, ನನಗೇ ಗೊತ್ತಿಲ್ಲದೆ.

ಉಳವಿಯಲ್ಲಿ ಅದರ ಫಲ ಕಂಡೆ. ಮೊದಲ ಕೆಲವು ದೃಶ್ಯ ನನ್ನ ಮಾತನ್ನೇ ಹೇಳಿದರು. ಆಮೇಲೆ ಹಾಳೆ ಮಡಚಿ ತೊಡೆಯ ಕೆಳಗಿಟ್ಟುಕೊಂಡರು. ನಾನು ಟಾರ್ಚು ಆರಿಸಿದರೂ ಮಾತು ನಿಲ್ಲದು. ಎಲ್ಲೆಲ್ಲಿ ಲಿಫ್ಟಿನವನು ಬಾಯಿ ಮುಚ್ಚಿಕೊಂಡು ಕನ್ನಡಿ ನೋಡುತ್ತಾನೋ ಅಲ್ಲೆಲ್ಲ ಮಾತು ತುಂಬಿದರು. ತಾಯಿಯಿಲ್ಲದ ಬಾಲ್ಯ ಬಂತು, ಹಬ್ಬದ ದಿನ ಒಬ್ಬನೇ ಉಂಡ ಊಟ ಬಂತು. ಕೊನೆಯ ದೃಶ್ಯದಲ್ಲಿ ಹುಡುಗಿ "ಬಾಗಿಲು ತೆಗೀರಿ" ಅನ್ನುವುದನ್ನು ಒಂದು ಸಲ ಹೇಳಿ ಹಾರಿಸಿದರು. ಆಮೇಲೆ ಕ್ಯಾಮೆರಾ ಬಹಳ ಹೊತ್ತು ಅವಳ ಮುಖವನ್ನೇ ನೋಡುತ್ತದೆ. ಅವಳ ಆ ಮುಖದ ಮೇಲೆ ಲಿಫ್ಟಿನವನ ಭಾಷಣ ಹರಿಯಿತು. ಸಭೆ ಮೂಗು ಸೀಟಿತು.

"ಪಾಪ, ಅವಂದು ಎಂತ ತಪ್ಪದೆ?" ಅಂತ ಹೆಂಗಸೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊರಗೆ ಬಂದ ಮೇಲೆ ಅರ್ಥಧಾರಿಗಳ ಸುತ್ತ ಜೇನು ಮುತ್ತಿದ ಹಾಗೆ ಜನ. ನಾನು ವೈರು ಸುತ್ತುತ್ತಿದ್ದೆ. ಯಾರೋ ಬಂದು, "ಮೇಡಂ, ಟಾರ್ಚು ಚಲೋ ಹಿಡಿದ್ರಿ" ಅಂದರು. ಆ ಟಾರ್ಚನ್ನು ಅವರ ತಲೆಯ ಮೇಲೆ ಕುಕ್ಕಬೇಕು ಅನ್ನಿಸಿತು.

ಜನ ಕರಗಿದ ಮೇಲೆ ಆ ಊರಿನ ಶಾಲೆಯ ಶಿಕ್ಷಕಿಯೊಬ್ಬರು ಹತ್ತಿರ ಬಂದರು. ಇನ್ನೂ ಚಿಕ್ಕ ವಯಸ್ಸು. ಕೈಯಲ್ಲಿದ್ದ ಬ್ಯಾಗಿನ ಪಟ್ಟಿ ತಿರುವುತ್ತಾ ಹೇಳಿದರು:

"ಮೇಡಂ, ಅವ್ನ ಕಷ್ಟ ಎಲ್ಲ ಕೇಳಿದ್ವಿ. ಆ ಹುಡುಗೀದು ಯಾರು ಹೇಳದು? ನಾನೂ ದಿನಾ ಬಸ್ಸಲ್ಲಿ ಬರ್ತೀನಿ. ಹಿಂಗೆ ಒಬ್ಬ ಹಿಂದೆ ಹಿಂದೆ ಬರ್ತಿದ್ದ, ಎಂತ ಮಾಡ್ತಿರ್ಲಿಲ್ಲ, ಸುಮ್ನೆ ಬರ್ತಿದ್ದ. ಯಾರಿಗಾದ್ರೂ ಹೇಳಿರೆ, ಪಾಪ ಅವ್ನೆಂತ ಮಾಡಿದ, ಅಂತಿದ್ರು. ಇವತ್ತು ಇಲ್ಲೂ ಎಲ್ರೂ ಅದೇ ಅಂದ್ರು."

ಅವರ ಮಾತು ಕೇಳಿ ಸಂಕಟವಾಯಿತು, ಅದು ನಿಜ. ಅದರ ಬೆನ್ನಿಗೇ ಒಳಗೊಳಗೆ ಖುಷಿಯೂ ಆಯಿತು, ಅದೂ ನಿಜ. ಸಿಕ್ಕಿಬಿದ್ದರಲ್ಲ ಅರ್ಥಧಾರಿಗಳು! ನಾನು ಹೇಳಿದರೆ ಹೊಟ್ಟೆಕಿಚ್ಚು ಅಂದಾರು. ಈಗ ಇನ್ನೊಬ್ಬರ ಬಾಯಿಂದ ಬಂದಿದೆ.

ಮಾರನೆಯ ದಿನವೇ ಸೊರಬಕ್ಕೆ ಹೋಗಿ ಅವರೆದುರು ಕೂತೆ. ಮುಚ್ಚುಮರೆ ಮಾಡದೆ ಎಲ್ಲ ಹೇಳಿದೆ. ಸಿಟ್ಟಾಗುತ್ತಾರೆ, ಜಗಳ ಆಡಬಹುದು ಅಂತ ಸೆರಗು ಸಿಕ್ಕಿಸಿಕೊಂಡೇ ಹೋಗಿದ್ದೆ. ಮನುಷ್ಯ ಸಿಟ್ಟೇ ಆಗಲಿಲ್ಲ. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಬದಿಗೆ ದೂಡಿಕೊಂಡು ಯೋಚಿಸಿದರು.

"ಹೌದು ಅಕ್ಕೋರೆ. ತಪ್ಪಾಗ್ಯದೆ." ಮೊದಲ ದಿನದಿಂದಲೂ ಅವರು ನನ್ನನ್ನು ಅಕ್ಕೋರೆ ಅನ್ನುತ್ತಿದ್ದರು, ಶಾಲೆಯ ಮೇಡಮ್ಮುಗಳನ್ನು ಕರೆಯುವ ಹಾಗೆ, ನಾನು ತಪ್ಪು ತಿದ್ದುತ್ತೇನೆ ಅಂತ ಕುಶಾಲು. "ಆದ್ರೆ ನನ್ನ ತಪ್ಪು ಮಾತಾಡಿದ್ದು ಅಲ್ಲ. ಇದಿರು ಪಾತ್ರ ಇಲ್ದೇ ಮಾತಾಡಿದ್ದು. ನಮ್ಮಲ್ಲಿ ಒಬ್ಬನೇ ಎರಡೂ ಕಡೆ ಹೇಳಕ್ಕಿಲ್ಲ. ನಾ ಅವನ ಪರ. ಹುಡುಗಿ ಪರ ಯಾರು? ನೀವು ಯಾರನ್ನೂ ಕೂರ್ಸೇ ಇಲ್ಲ."

"ಸಿನಿಮಾದಲ್ಲಿ ಅವಳೇ ಇದ್ದಾಳಲ್ಲ!"

"ಅವಳು ಇಂಗ್ಲೀಷಲ್ಲಿದ್ದಾಳೆ ಮಾರಾಯ್ರೆ. ಹಂಗಾರೆ ಒಂದು ಕೆಲಸ ಮಾಡಿ. ಶಿಕಾರಿಪುರದಲ್ಲಿ ನೀವೇ ಕೂತ್ಕಳಿ ಇದಿರಿಗೆ. ಟಾರ್ಚು ಬ್ಯಾರೆಯವ್ರು ಹಿಡೀಲಿ."

ಮೈಕಿನ ಮುಂದೆ ನಾನೆಂದೂ ಕೂತವಳಲ್ಲ. ಆದರೆ ಇಲ್ಲ ಅಂದರೆ ಜಿಲ್ಲೆ ತುಂಬ ತಿರುಗುವುದು ಅವರ ಸಿನಿಮಾ, ನನ್ನದಲ್ಲ. ಆಗಲಿ ಅಂದೆ. ಅವರನ್ನು ಸಭೆಯಲ್ಲೇ ಸೋಲಿಸಬೇಕು ಅಂತ ಅಲ್ಲಿಯೇ ಹಠ ಹುಟ್ಟಿತು.

ಅಭ್ಯಾಸಕ್ಕೆ ಕೂತಾಗ ತಿಳಿಯಿತು ಬಿಸಿ. ನಾನು ಕಟ್ಟಿಕೊಂಡು ಹೋದ ವಾದಗಳೆಲ್ಲ ಅವರ ಮುಂದೆ ಹಪ್ಪಳದ ಹಾಗೆ ಮುರಿದವು. "ನೀವು ಯಾಕೆ ನನ್ನ ಹಿಂದೆ ಬಂದಿರಿ?" ಅಂದರೆ, "ಹಿಂದೆ ಬರೋದು ಬಿಟ್ಟು ಬಡವಗೆ ಬ್ಯಾರೆ ಜಾಗ ಎಲ್ಲಿತ್ತು ತಾಯೀ?" ಅನ್ನುತ್ತಿದ್ದರು. "ನನಗೆ ಹೆದರಿಕೆ ಆಗುತ್ತದೆ" ಅಂದರೆ, "ಊರಿಗೆಲ್ಲ ಹೆದರಿ ಬದುಕಿದವ ನಾನು, ನಂಗೂ ಒಬ್ರು ಹೆದರಿದ್ರಾ!" ಅಂತ ಅದನ್ನೇ ಎತ್ತಿಕೊಂಡು ಹೊಸ ಭಾಷಣ. ಬೈದರೆ ಬೈಗುಳವೇ ಅವರಿಗೆ ಪದ್ಯ. ನಾನು ಕೊಟ್ಟ ಪ್ರತಿ ಮಾತೂ ಅವರು ಹತ್ತುವ ಏಣಿಯ ಮೆಟ್ಟಿಲಾಗುತ್ತಿತ್ತು. ಸೋತು, ಬಸ್ಸು ಹತ್ತಿ, ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವರಿಗೆ ಉತ್ತರ ಕೊಡುತ್ತಾ ಬರುತ್ತಿದ್ದೆ. ಮನೆಯವರು ಒಂದು ದಿನ ಕೇಳಿದರು, "ಏನ್ ಮಾರಾಯ್ತಿ, ಒಗ್ಗರಣೆ ಹಾಕೋವಾಗ್ಲೂ ಯಾರ ಜೊತೆ ಜಗಳ ಆಡ್ತೀಯ?"

ಒಂದು ಮಧ್ಯಾಹ್ನ ಬಸ್ಸು ಬೇಗ ಸೊರಬ ಮುಟ್ಟಿತು. ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಅರ್ಥಧಾರಿಗಳು ನಿಂತಿದ್ದರು, ಸುತ್ತ ಆರೇಳು ಜನ. ಏನೋ ಹೇಳಿದರು, ಎಲ್ಲರೂ ನಕ್ಕರು. ನಾನು ರಸ್ತೆ ದಾಟಿ ಹೋಗಿ ಮಾತಾಡಿಸಬಹುದಿತ್ತು. ಹೋಗಲಿಲ್ಲ. ನಿಂತಿದ್ದ ಬಸ್ಸಿನ ಮರೆಗೆ ಸರಿದು ನೋಡುತ್ತಾ ನಿಂತೆ. ಯಾರು ನಕ್ಕರು, ಯಾರು ಚಹಾ ಕೊಡಿಸಿದರು, ಯಾರು ತೋಳು ಮುಟ್ಟಿ ಮಾತಾಡಿಸಿದರು, ಎಲ್ಲ ನೋಡಿಕೊಂಡೆ. ಕಾರ್ಯದರ್ಶಿ ಅವರಿಗೆ ಫೋನು ಮಾಡುವಷ್ಟು ನನಗೆ ಮಾಡುವುದಿಲ್ಲ ಅಂತಲೂ ನೆನಪಾಯಿತು. ಹೂವು ಮಾರುವಾಕೆ, "ಯಾರನ್ನ ಹುಡುಕ್ತಿದೀರಿ ಅಮ್ಮಾ?" ಅಂತ ಕೇಳಿದಾಗಲೇ ನನಗೆ ಮೈಮೇಲೆ ಎಚ್ಚರ ಬಂದದ್ದು. ಥೂ! ಕದ್ದು ನಿಂತು ಇನ್ನೊಬ್ಬರ ನಗೆಯ ಲೆಕ್ಕ ಇಡುವ ಕೆಲಸ ಯಾರದು? ಲಿಫ್ಟಿನವನದು. ಇಷ್ಟು ದಿನ ಅವನ ಮಾತಿಗೆ ಕನ್ನಡ ಹುಡುಕಿದವಳು ಈಗ ಅವನ ಜಾಗದಲ್ಲೇ ನಿಂತಿದ್ದೆ.

ನಾಚಿಕೆಯಾಯಿತು. ಜೊತೆಗೆ ಒಂದು ವಿಷಯ ಹೊಳೆಯಿತು. ಆ ಹೊತ್ತಿನಲ್ಲಿ ಅರ್ಥಧಾರಿಗಳೇ ಬಂದು ನನ್ನನ್ನು ಸಮಾಧಾನ ಮಾಡಿದ್ದರೂ, ಬೈದಿದ್ದರೂ, ನನ್ನ ಹೊಟ್ಟೆಕಿಚ್ಚಿಗೆ ಅದು ಇನ್ನಷ್ಟು ಸೌದೆಯೇ ಆಗುತ್ತಿತ್ತು. ಇಂಥವರಿಗೆ ಯಾವ ಉತ್ತರವೂ ಉತ್ತರವಲ್ಲ. ಲಿಫ್ಟಿನೊಳಗಿನ ಹುಡುಗಿ ಕೊನೆಯಲ್ಲಿ ಯಾಕೆ ಬಾಯಿ ಮುಚ್ಚಿದಳು ಅಂತ ನಾನು ಕೆಲಸ ಮಾಡುವಾಗ ಕೇಳಿಕೊಂಡೇ ಇರಲಿಲ್ಲ. ಮಾತಿಲ್ಲ, ಸಾಲು ಬೇಡ, ಅಂತ ಮುಂದಕ್ಕೆ ಹೋಗಿದ್ದೆ.

ಶಿಕಾರಿಪುರದ ಪ್ರದರ್ಶನಕ್ಕೆ ಒಂದು ಭಾನುವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಬಳ್ಳಿಗಾವಿ ಕಡೆಯಿಂದಲೂ ಜನ ಬಂದಿದ್ದರು. ಮುಂದಿನ ಸಾಲಿನಲ್ಲಿ ಶಿವಮೊಗ್ಗದ ಬಳಗದ ಅಧ್ಯಕ್ಷರು, ಇನ್ನಿಬ್ಬರು. ತೆರೆಯ ಬಲಕ್ಕೆ ಅರ್ಥಧಾರಿಗಳು, ಎಡಕ್ಕೆ ನಾನು, ಇಬ್ಬರಿಗೂ ಒಂದೊಂದು ಮೈಕು. ಕಾರ್ಯದರ್ಶಿ ಬಂದು, "ಸೋಲಬ್ಯಾಡ್ರೀ ಮತ್ತ, ನಮ್ಮೂರಿನ ಮರ್ಯಾದಿ" ಅಂತ ಪಿಸುಗುಟ್ಟಿ ಹೆದರಿಸಿದರು.

ಮೊದಲಿನ ದೃಶ್ಯಗಳಲ್ಲಿ ನಾನು ಹುಡುಗಿಯ ಮಾತುಗಳನ್ನು ಬರೆದಿದ್ದ ಹಾಗೆಯೇ ಹೇಳಿದೆ, ಚಿಕ್ಕದಾಗಿ. ಅವರು ಲಿಫ್ಟಿನವನನ್ನು ಬೆಳೆಸುತ್ತಾ ಹೋದರು. ಸಭೆ ಆಗಲೇ ಅವರ ಕಡೆ ವಾಲಿತ್ತು. ಅಂಥ ಕಂಠ, ಅಂಥ ಕನ್ನಡ! ಪಕ್ಕದಲ್ಲಿ ಕೂತು ಕೇಳುವಾಗ ನಾನೂ ಕೆಲವೆಡೆ ತಲೆದೂಗಿದೆ. ಆ ಸಾಮರ್ಥ್ಯದಲ್ಲಿ ಕಾಲುಪಾಲು ನನಗಿರಬಾರದಿತ್ತೇ ದೇವರೇ ಅಂತ ಅನ್ನಿಸಿತು.

ಕೊನೆಯ ದೃಶ್ಯ ಬಂತು. ಲಿಫ್ಟ್ ನಿಂತಿತು.

"ಬಾಗಿಲು ತೆಗೀರಿ," ಅಂದೆ.

ಅವರು ಎತ್ತಿಕೊಂಡರು. "ತೆಗೀತೀನಿ. ಬಾಗ್ಲು ತೆಗೆಯೋದೇ ನನ್ನ ಜಲ್ಮ ಆಗಿಹೋಗ್ಯದೆ. ಒಂದು ಮಾತು ಕೇಳಿ ಹೋಗಿ."

"ಬಾಗಿಲು ತೆಗೀರಿ."

ಮತ್ತೆ ಅವರ ಮಾತು. ಎಂಥ ಮಾತು ಅಂತೀರಿ! ಮುಗಿಸಿ ನನ್ನ ಕಡೆ ನೋಡಿದರು. ಇನ್ನು ನನ್ನ ಸರದಿ. ದಾರಿಯುದ್ದಕ್ಕೂ, ಒಗ್ಗರಣೆ ಹಾಕುವಾಗಲೂ ಕಟ್ಟಿದ್ದ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಚೆನ್ನಾಗಿತ್ತು ಅದು. ಹೇಳಿದ್ದರೆ ಚಪ್ಪಾಳೆ ಬೀಳುತ್ತಿತ್ತು, ಕನಿಷ್ಠ ನಮ್ಮೂರಿನವರದ್ದಾದರೂ. ಮೇಲೆ ತೆರೆಯಲ್ಲಿ ಹುಡುಗಿಯ ಮುಖ ಬಂದಿತ್ತು. ನಾನು ಮೈಕಿನ ಗುಂಡಿ ಒತ್ತಿ ಆರಿಸಿದೆ. ಅದನ್ನು ಮಡಿಲಲ್ಲಿಟ್ಟುಕೊಂಡು ಅರ್ಥಧಾರಿಗಳನ್ನೇ ನೋಡುತ್ತಾ ಕೂತೆ.

ನನಗೆ ಮಾತು ಮರೆತುಹೋಯಿತು ಅಂತ ತಿಳಿದು ಅವರು ನೆರವಿಗೆ ಬಂದರು. "ಯಾಕೆ ತಾಯಿ, ಸಿಟ್ಟೇ?" ನಾನು ಸುಮ್ಮನಿದ್ದೆ. "ಒಂದು ಮಾತ್ರೆ ಕೊಟ್ಟ ಕೈ ಅದು, ಒಂದು ಮಾತು ಕೊಡಕ್ಕಿಲ್ವಾ?" ಸುಮ್ಮನಿದ್ದೆ. ಇನ್ನೊಂದು ಹೇಳಿದರು, ಅದರಲ್ಲಿ ಮೊದಲಿನ ಕಸುವು ಇರಲಿಲ್ಲ. ಮತ್ತೊಂದಕ್ಕೆ ಬಾಯಿ ತೆರೆದರು. ಏನೂ ಬರಲಿಲ್ಲ. ಹಿಡಿದುಕೊಳ್ಳಲು ಇದಿರಿನಿಂದ ಒಂದು ಮಾತೂ ಇಲ್ಲ. ಅಷ್ಟು ದೊಡ್ಡ ಮಾತುಗಾರರ ಮುಖದಲ್ಲಿ ಮೊದಲ ಸಲ ಗಾಬರಿ ಕಂಡೆ. ಅವರು ತಿರುಗಿ ತೆರೆಯ ಕಡೆ ನೋಡಿದರು, ಸಭೆಯೂ ನೋಡಿತು. ಹುಡುಗಿಯ ಮುಖ ಇನ್ನೂ ಅಲ್ಲೇ ಇತ್ತು, ಕಣ್ಣು ಅಗಲವಾಗಿ, ತುಟಿ ಬಿಗಿದು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, ನಮ್ಮ ಕಡೆಯ ಗಟ್ಟಿ ಗಂಟಲಿನಲ್ಲಿ ಕೂಗಿದಳು: "ಏ, ಆ ಹುಡುಗಿ ಹೆದ್ರ್ಯಾಳ ನೋಡೋ, ಬಾಗ್ಲ ತೆಗಿಯೋ!"

ತೆರೆಯ ಮೇಲೆ ಲಿಫ್ಟಿನವನು ಲಿಫ್ಟನ್ನು ಮಹಡಿಗೆ ಇಳಿಸಿ ಬಾಗಿಲು ತೆಗೆದ. ಅವಳು ಹೊರಗೆ ನಡೆದುಹೋದಳು. ಯಾರೂ ಮೂಗು ಸೀಟಲಿಲ್ಲ.

ದೀಪ ಹಾಕಿದ ಮೇಲೆ ಶಿವಮೊಗ್ಗದ ಅಧ್ಯಕ್ಷರು ಎದ್ದು ನೇರ ಬಂದರು. ನಾನು ಸೆರಗು ಸರಿಮಾಡಿಕೊಂಡು ಎದ್ದು ನಿಂತೆ. ಅವರು ನನ್ನನ್ನು ದಾಟಿ ಅರ್ಥಧಾರಿಗಳ ಕೈ ಹಿಡಿದುಕೊಂಡರು.

"ಜಿಲ್ಲೆ ತುಂಬ ಹೀಗೇ ಮಾಡೋಣ. ಕೊನೆಗೆ ಮಾತು ನಿಲ್ಲಿಸಿದ್ರಲ್ಲ, ಆಹಾ! ಅಂಥ ಮೌನ ಎಲ್ಲಿ ಕಲಿತ್ರಿ ಸ್ವಾಮಿ?"

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಮೌನವೂ ಹೋಯಿತೇ ಅವರ ಲೆಕ್ಕಕ್ಕೆ!

"ಅಯ್ಯೋ, ಅದು ನಂದಲ್ಲ ಮಾರಾಯ್ರೆ," ಅಂದರು ಅರ್ಥಧಾರಿಗಳು, ಎಲ್ಲರಿಗೂ ಕೇಳುವ ಹಾಗೆ. "ಅದು ಅಕ್ಕೋರದ್ದು. ಅವರು ಉತ್ತರ ಕೊಡ್ಲಿಲ್ಲ, ನಂಗೆ ಮಾತು ಹುಟ್ಲಿಲ್ಲ. ಸೋತೆ ನಾನು. ನಾನು ಸೋತಿದ್ದಕ್ಕೇ ಹುಡುಗಿ ನಿಮಗೆ ಕಂಡಿದ್ದು."

ಎಲ್ಲರೂ ನನ್ನ ಕಡೆ ತಿರುಗಿದರು. ಇಷ್ಟು ದಿನ ಕಾದದ್ದು ಇದಕ್ಕೇ. ನಾನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಅಧ್ಯಕ್ಷರು ಮತ್ತೆ ಅವರ ಕಡೆಗೇ ತಿರುಗಿ ಕೈ ಮುಗಿದರು.

"ಎಂಥ ದೊಡ್ಡ ಮನಸ್ಸು ನೋಡ್ರೀ! ಕಲಾವಿದ ಅಂದ್ರೆ ಹೀಗಿರಬೇಕು."

ಸಭೆಗೆ ಸಭೆಯೇ ಅರ್ಥಧಾರಿಗಳಿಗೆ ಚಪ್ಪಾಳೆ ತಟ್ಟಿತು. ಹೊಟ್ಟೆ ಉರಿಯುತ್ತಿದ್ದರೂ ನಾನೂ ತಟ್ಟಿದೆ, ಯಾಕೆಂದರೆ ಸೋತೆ ಅನ್ನುವ ಆ ಮಾತನ್ನು ಅವರ ಜಾಗದಲ್ಲಿ ನಾನಿದ್ದಿದ್ದರೆ ಹೇಳುತ್ತಿರಲಿಲ್ಲ.